ತಿಪಟೂರಿನ ತೋಟದಲ್ಲಿ ಮ್ಯಾಗ್ನೆಟೋಮೀಟರ್: ಜೂನ್‌ನಿಂದ ಅಕ್ಟೋಬರ್‌ವರೆಗೆ

ಜೂನ್ 2024

ಮೇ 10ರ ರಾತ್ರಿಯ ಕಾಂತೀಯ ಬಿರುಗಾಳಿ, ಅಂದರೆ ಸೂರ್ಯನಿಂದ ಬಂದ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಅಲುಗಾಡಿದ್ದು, ನೆನಪಿದೆ ಅಲ್ವಾ? ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದ ಫೋಟೊಗಳನ್ನು ಎಲ್ಲರೂ ನೋಡಿದ್ದೇವೆ. ಇಷ್ಟು ದಕ್ಷಿಣದಲ್ಲಿ ನಮಗೆ ಆ ಬಣ್ಣ ಕಾಣುವುದಿಲ್ಲ. ಆದರೆ ಅದೇ ಹೊತ್ತಿಗೆ ಇಲ್ಲಿನ ನೆಲದ ಕಾಂತಕ್ಷೇತ್ರವೂ ತಗ್ಗಿತ್ತು. ಅದನ್ನು ಮ್ಯಾಗ್ನೆಟೋಮೀಟರ್ ಅನ್ನುವ ಸಾಧನ ಇಟ್ಟು ನಮ್ಮ ತೋಟದಲ್ಲೇ ಅಳೆಯಬೇಕು ಅನ್ನುವುದು ಈ ಪ್ರಾಜೆಕ್ಟ್.

ಬಿರುಗಾಳಿಯ ಗಾತ್ರ ಹೇಳುವ ಡಿಎಸ್‌ಟಿ ಸೂಚ್ಯಂಕವನ್ನು ಕ್ಯೋಟೋ ವಿಶ್ವವಿದ್ಯಾಲಯ ಲೆಕ್ಕ ಹಾಕುತ್ತದೆ. ಅದಕ್ಕೆ ಬಳಸುವ ನಾಲ್ಕೂ ಕೇಂದ್ರಗಳು ಧ್ರುವಗಳಿಂದ ಬಹಳ ದೂರ ಇವೆ. ಹೊನೊಲುಲು, ಸಾನ್ ಹುವಾನ್, ಹರ್ಮಾನಸ್, ಕಾಕಿಯೋಕಾ. ಮೇ ತಿಂಗಳಲ್ಲಿ ಆ ಸೂಚ್ಯಂಕ ಮೈನಸ್ 400 ನ್ಯಾನೋಟೆಸ್ಲಾಗಿಂತ (ಕಾಂತಕ್ಷೇತ್ರ ಅಳೆಯುವ ಮಾನ) ಕೆಳಗಿಳಿಯಿತು. ಧ್ರುವದ ಹತ್ತಿರ ಬಿರುಗಾಳಿಯ ಗ್ರಾಫ್ ಸಿಕ್ಕಾಪಟ್ಟೆ ಕುಣಿಯುತ್ತದೆ. ಅಲ್ಲಿ ಬೇರೆ ಬೇರೆ ವಿದ್ಯುತ್ ಪ್ರವಾಹಗಳು ಒಂದರ ಮೇಲೊಂದು ಬೀಳುತ್ತವೆ. ನಮ್ಮಂಥ ಕಡೆ ಒಂದೇ ದೊಡ್ಡ ಪ್ರವಾಹದ ಗುರುತು ಎದ್ದು ಕಾಣುತ್ತದೆ. ಹಾಗಾಗಿ ನಾವು ಇರುವ ಜಾಗ ಈ ಕೆಲಸಕ್ಕೆ ತುಂಬಾ ಒಳ್ಳೆಯದು.

ಆ ಪ್ರವಾಹಕ್ಕೆ ಉಂಗುರ ಪ್ರವಾಹ ಅನ್ನುತ್ತಾರೆ. ಬಿರುಗಾಳಿ ಬಂದಾಗ ಭೂಮಿಯ ಸುತ್ತ, ಹತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಪ್ರೋಟಾನ್ ಮತ್ತು ಆಕ್ಸಿಜನ್ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಪಶ್ಚಿಮದ ಕಡೆ ಸುತ್ತಲು ಶುರು ಮಾಡುತ್ತವೆ. ಆ ಆಕ್ಸಿಜನ್ ಸೂರ್ಯನಿಂದ ಬಂದದ್ದಲ್ಲ, ನಮ್ಮದೇ ವಾತಾವರಣದ ಮೇಲ್ಪದರದಿಂದ ಎದ್ದು ಹೋದದ್ದು. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಇಷ್ಟವಾದ ಸಂಗತಿ ಇದು. ಈ ಪ್ರವಾಹ ಹುಟ್ಟಿಸುವ ಕಾಂತಕ್ಷೇತ್ರ ನೆಲದ ಮೇಲೆ ದಕ್ಷಿಣಕ್ಕೆ ಮುಖ ಮಾಡಿರುತ್ತದೆ, ಭೂಮಿಯದು ಉತ್ತರಕ್ಕೆ. ಹಾಗಾಗಿ ನಮ್ಮ ಕ್ಷೇತ್ರ ಅಷ್ಟು ಕಡಿಮೆಯಾಗುತ್ತದೆ.

1859ರ ಸೆಪ್ಟೆಂಬರ್ ಆರಂಭದ ಕ್ಯಾರಿಂಗ್ಟನ್ ಬಿರುಗಾಳಿಯಲ್ಲಿ ಮುಂಬೈನ ಕೊಲಾಬಾ ವೀಕ್ಷಣಾಲಯ ದಾಖಲಿಸಿದ ಇಳಿತ ಸುಮಾರು 1600 ನ್ಯಾನೋಟೆಸ್ಲಾ. ಇವತ್ತಿಗೂ ಆ ಬಿರುಗಾಳಿಯ ಲೆಕ್ಕಕ್ಕೆ ವಿಜ್ಞಾನಿಗಳು ಕೊಲಾಬಾದ ಅಂಕಿಗಳನ್ನೇ ನೋಡುತ್ತಾರೆ. ಮುಂದೆ ಮುಂಬೈಗೆ ಎಲೆಕ್ಟ್ರಿಕ್ ಟ್ರಾಮ್ ಬರುತ್ತದೆ, ಅಳತೆ ಕೆಡುತ್ತದೆ ಅಂತ ವೀಕ್ಷಣಾಲಯವನ್ನು ಅಲಿಬಾಗ್‌ಗೆ ಸಾಗಿಸಿದರು.

ಆಗಸ್ಟ್

ಸೆನ್ಸರ್ ಆರ್‌ಎಂ3100. ಅದನ್ನು ಪಿವಿಸಿ ಪೈಪಿನೊಳಗೆ ಕೂರಿಸಿ, ಎರಡೂ ಕಡೆ ಎಂಡ್ ಕ್ಯಾಪ್ ಹಾಕಿ, ಸಾಲ್ವೆಂಟ್ ಬಳಿದು, ತೋಟದ ಹಿಂಬದಿಯಲ್ಲಿ ಆಳವಾದ ಗುಂಡಿ ತೋಡಿ ಹೂತಿದ್ದೇವೆ. ಬಿಸಿಲಿಗೆ ಸೆನ್ಸರ್ ಬಿಸಿಯಾದರೆ ಅಳತೆ ಜಾರುತ್ತದೆ. ಮಣ್ಣಿನೊಳಗೆ ಹಗಲು ರಾತ್ರಿಯ ವ್ಯತ್ಯಾಸ ತೀರಾ ಕಡಿಮೆ. ಸ್ಕ್ರೂ ಎಲ್ಲಾ ಹಿತ್ತಾಳೆಯವು. ಕಂಪಾಸ್ ಇಟ್ಟು ಒಂದು ಅಕ್ಷವನ್ನು ಉತ್ತರಕ್ಕೆ ಹೊಂದಿಸಿದ್ದೇನೆ. ಅಲ್ಲಿಂದ ಲ್ಯಾನ್ ಕೇಬಲ್ ಮನೆಯೊಳಗಿನ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಬರುತ್ತದೆ. ಕರೆಂಟ್ ಹೋದರೂ ನಡೆಯಲಿ ಅಂತ ಚಿಕ್ಕ ಯುಪಿಎಸ್ ಇದೆ.

ಸೆಪ್ಟೆಂಬರ್

ಇಲ್ಲಿನ ಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ. ನಾವು ಹುಡುಕುವುದು ಅದರಲ್ಲಿ ನೂರಿನ್ನೂರರ ಏರಿಳಿತ. ಹಾಗಾಗಿ ಮೊದಲು ಸುಮ್ನೆ ಇರುವ ದಿನ ಹೇಗಿರುತ್ತದೆ ಅಂತ ಗೊತ್ತಾಗಬೇಕು. ಬೆಳಿಗ್ಗೆ ಗೆರೆ ನಿಧಾನಕ್ಕೆ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟುತ್ತದೆ, ಸಂಜೆಗೆ ಇಳಿಯುತ್ತದೆ. ರಾತ್ರಿ ಹೆಚ್ಚುಕಮ್ಮಿ ಸಪಾಟು. ಇದು ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಮೇಲೆ, ಬಿಸಿಲಿನಿಂದ ಅಯಾನೀಕರಣಗೊಂಡ ಗಾಳಿಯಲ್ಲಿ ಹರಿಯುವ ಪ್ರವಾಹ. ತಿರುನೆಲ್ವೇಲಿ ಕಡೆ ಕಾಂತೀಯ ಸಮಭಾಜಕ ಹಾದುಹೋಗುವುದರಿಂದ ಅಲ್ಲಿ ಈ ಉಬ್ಬು ಇನ್ನೂ ಜಾಸ್ತಿ.

ಇನ್ನು ನಮ್ಮ ಮನೆಯ ಗದ್ದಲ. ಟ್ರ್ಯಾಕ್ಟರ್ ಬಂದರೆ ಗೆರೆ ಒಂದೇ ಸಲಕ್ಕೆ ಮೆಟ್ಟಿಲಿನ ಹಾಗೆ ಜಿಗಿಯುತ್ತದೆ, ಹೋದ ಮೇಲೆ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ತ್ರೀ ಫೇಸ್ ಬಂದು ಬೋರ್‌ವೆಲ್ ಮೋಟಾರ್ ಆನ್ ಆದಾಗ ಗೆರೆ ದಪ್ಪಗಾಗಿ ನಡುಗುತ್ತದೆ. ಈ ಎರಡನ್ನೂ ಈಗ ಕಣ್ಣಲ್ಲೇ ಗುರುತಿಸಬಹುದು. ಅಣ್ಣ ಟ್ರ್ಯಾಕ್ಟರನ್ನು ಈಗ ಬೇರೆ ಕಡೆ ನಿಲ್ಲಿಸುತ್ತಾನೆ, ಅವನಿಗೂ ಗ್ರಾಫ್ ನೋಡುವ ಆಸೆ.

ಅಕ್ಟೋಬರ್ 10 ಮತ್ತು 11

9ನೇ ತಾರೀಖು ಬೆಳಿಗ್ಗೆ ಸೂರ್ಯನಲ್ಲಿ ಎಕ್ಸ್ 1.8 ದರ್ಜೆಯ ಸ್ಫೋಟ (ಎಕ್ಸ್ ಅಂದರೆ ಅತಿ ಜೋರಿನ ದರ್ಜೆ). ಅದರ ಜೊತೆ ಹೊರಟ ಪ್ಲಾಸ್ಮಾ ಮೋಡ ನಮ್ಮ ಕಡೆಗೇ ಬರುತ್ತಿತ್ತು. ಅಮೆರಿಕದ ಹವಾಮಾನ ಸಂಸ್ಥೆ ನೋವಾ ಜಿ4 ಮಟ್ಟದ, ಅಂದರೆ ಐದರಲ್ಲಿ ನಾಲ್ಕನೇ ಮಟ್ಟದ ಬಿರುಗಾಳಿಯ ಮುನ್ಸೂಚನೆ ಕೊಟ್ಟಿತು. ಆದರೆ ಎಷ್ಟು ಜೋರು ಅನ್ನುವುದು ಆ ಮೋಡದೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದೆಯೇ ಅನ್ನುವುದರ ಮೇಲೆ ನಿಂತಿದೆ. ಅದು ತಿಳಿಯುವುದು ಮೋಡ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವನ್ನು, ಅಲ್ಲಿ ಅಳತೆ ಮಾಡುವ ನೌಕೆಗಳನ್ನು, ದಾಟಿದ ಮೇಲೇ. ನಮ್ಮ ಆದಿತ್ಯ ಎಲ್1 ಇರುವುದೂ ಅಲ್ಲೇ. ಸೆಕೆಂಡಿಗೆ 800 ಕಿಲೋಮೀಟರ್ ವೇಗದಲ್ಲಿ ಬಂದರೆ ಅಲ್ಲಿಂದ ಇಲ್ಲಿಗೆ ಅರ್ಧ ಗಂಟೆ.

10ರ ರಾತ್ರಿ ಎಂಟೂಮುಕ್ಕಾಲರ ಸುಮಾರಿಗೆ ಗೆರೆ ಮೇಲೆದ್ದಿತು. ಒಂದೇ ಸಲಕ್ಕೆ ಜಿಗಿಯಲಿಲ್ಲ, ಕೆಲವು ನಿಮಿಷ ತೆಗೆದುಕೊಂಡು ಏರಿತು, ವಾಪಸ್ಸೂ ಬರಲಿಲ್ಲ. ಸೌರ ಮಾರುತ ಭೂಮಿಯ ಕಾಂತಗೋಳವನ್ನು ಒತ್ತಿದಾಗ ಹೀಗಾಗುತ್ತದೆ. ಆಮೇಲೆ ಇಳಿತ ಶುರು. ರಾತ್ರಿಯಿಡೀ ತಡೆತಡೆದು ಇಳಿದು, ಬೆಳಗಿನ ಜಾವ ದಾಟುವಾಗ ಇಳಿತ ಮುನ್ನೂರು ನ್ಯಾನೋಟೆಸ್ಲಾದ ಆಸುಪಾಸಿಗೆ ಬಂದಿತ್ತು. ಡಿಎಸ್‌ಟಿಯ ತಳ ಮೈನಸ್ 333. ಅಷ್ಟು ದೂರದ ಅಯಾನುಗಳ ಓಡಾಟ ನಮ್ಮ ತೆಂಗಿನ ಬುಡದ ಪೈಪಿನಲ್ಲಿ ಕಾಣುತ್ತಿದೆ ಅನ್ನುವ ಖುಷಿಗೆ ನಿದ್ದೆ ಬರಲಿಲ್ಲ.

11 ಆಯುಧಪೂಜೆ. ಬೆಳಿಗ್ಗೆ ಗಾಡಿಗಳನ್ನೆಲ್ಲ ತೊಳೆದು ಅಂಗಳಕ್ಕೆ ತಂದು ಸಾಲಾಗಿ ನಿಲ್ಲಿಸಿದರು. ಗ್ರಾಫಿನಲ್ಲಿ ಒಂದೊಂದು ಗಾಡಿಗೂ ಒಂದೊಂದು ಮೆಟ್ಟಿಲು. ಅದರ ಕೆಳಗೆ ಬಿರುಗಾಳಿಯಿಂದ ಕ್ಷೇತ್ರ ಚೇತರಿಸಿಕೊಂಡು ನಿಧಾನಕ್ಕೆ ಏರುವ ಗೆರೆ ಹಾಗೇ ಉಳಿದಿದೆ. ಮೆಟ್ಟಿಲುಗಳನ್ನು ಕೈಯಾರೆ ತೆಗೆದು ಫೈಲ್ ಉಳಿಸಿಕೊಂಡಿದ್ದೇನೆ. ಮೂಲ ಫೈಲೂ ಇದೆ.

ಇಂಥ ಹೊತ್ತಲ್ಲಿ ಮೇಲಿನ ವಾತಾವರಣ ಕಾದು ಉಬ್ಬುತ್ತದೆ, ಕೆಳಕಕ್ಷೆಯ ಉಪಗ್ರಹಗಳಿಗೆ ಗಾಳಿಯ ಎಳೆತ ಹೆಚ್ಚುತ್ತದೆ. 2022ರ ಫೆಬ್ರುವರಿಯಲ್ಲಿ ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ಹೀಗೇ ಉರಿದುಹೋದವು. ಅದು ದೊಡ್ಡ ಬಿರುಗಾಳಿಯೂ ಆಗಿರಲಿಲ್ಲ. ಅದಕ್ಕೇ ಸಣ್ಣವನ್ನೂ ಬಿಡದೆ ದಾಖಲಿಸಬೇಕು ಅಂದುಕೊಂಡಿದ್ದೇನೆ.

ಮುಂದಿನ ಕೆಲಸ

ಮೋಟಾರ್ ಸ್ಟಾರ್ಟರ್‌ಗೆ ಒಂದು ಕರೆಂಟ್ ಸೆನ್ಸರ್ ಹಾಕಬೇಕು, ಆನ್ ಆದ ಸಮಯ ತಾನಾಗೇ ಫೈಲಿಗೆ ಸೇರಬೇಕು. ಎರಡನೇ ಪೈಪನ್ನು ತೋಟದ ಇನ್ನೊಂದು ತುದಿಯಲ್ಲಿ ಹೂಳುವುದು ನಂತರ. ಎರಡರಲ್ಲೂ ಒಂದೇ ಸಮ ಕಂಡರೆ ಆಕಾಶದ್ದು, ಒಂದರಲ್ಲೇ ಕಂಡರೆ ಮನೆಯದ್ದು. ಗುಂಡಿ ತೋಡುವುದಕ್ಕೆ ಮಳೆ ನಿಲ್ಲಲಿ ಅಂತ ಕಾಯುತ್ತಿದ್ದೇವೆ.