ಎಡ ಹಿಂಚಕ್ರದ ಬ್ರೇಕ್ ಡ್ರಮ್ ಕಳಚಲು ಹಿಡಿದ ಮೂರು ಸಂಜೆಗಳು

ಹಳೆಯ ಕಾರಿನ ಎಡ ಹಿಂಚಕ್ರದ ಡ್ರಮ್ (ಚಕ್ರದೊಂದಿಗೆ ತಿರುಗುತ್ತಾ ಬ್ರೇಕ್ ಭಾಗಗಳನ್ನು ಮುಚ್ಚಿರುವ ಬಟ್ಟಲಿನಂಥ ಭಾಗ) ನಿನ್ನೆ ಸಂಜೆ ಕೊನೆಗೂ ಕೈಗೆ ಬಂತು. ಬಲಗಡೆಯದು ಮೊದಲ ದಿನವೇ ಅರ್ಧ ಗಂಟೆಯಲ್ಲಿ ಬಿಟ್ಟುಕೊಂಡಿತ್ತು. ಎರಡೂ ಒಂದೇ ವಯಸ್ಸಿನ ಡ್ರಮ್‌ಗಳಾದರೂ ಅವು ಕಚ್ಚಿಕೊಂಡಿದ್ದ ಜಾಗ ಬೇರೆ ಬೇರೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಮುಂಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡುಗಳನ್ನು ಒತ್ತುಕೊಟ್ಟು, ಹಿಂಭಾಗವನ್ನು ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ ಕೆಲಸ ಆರಂಭಿಸಿದೆ. ಬಲ ಡ್ರಮ್, ಚಕ್ರ ಕೂರುವ ಹಬ್‌ನ ನಡುವಿನ ಉಬ್ಬಿಗೆ ತುಕ್ಕು ಹಿಡಿದು ಅಂಟಿತ್ತು. ಆ ಸಂದಿಗೂ ಚಕ್ರ ಬಿಗಿಯುವ ಸ್ಟಡ್‌ಗಳ ಬುಡಕ್ಕೂ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಡ್ರಮ್ ಮುಖದಲ್ಲೇ ಇರುವ ಎರಡು ಥ್ರೆಡ್ ತೂತುಗಳಿಗೆ 8 ಮಿ.ಮೀ. ಬೋಲ್ಟ್ ಹಾಕಿ, ಅವು ಹಬ್‌ಗೆ ಒತ್ತಿ ಡ್ರಮ್ಮನ್ನು ಹೊರಕ್ಕೆ ತಳ್ಳಲೆಂದು ಒಂದಾದ ಮೇಲೊಂದರಂತೆ ಕಾಲು ಸುತ್ತು ಬಿಗಿಯುತ್ತಾ ಹೋದೆ. ನಡುನಡುವೆ ಸ್ಟಡ್‌ಗಳ ಮಧ್ಯದ ಜಾಗಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಡ್ರಮ್ ಎರಕದ ಕಬ್ಬಿಣದ್ದಾದ್ದರಿಂದ ಅಂಚಿಗೆ ಹೊಡೆದರೆ ಚೂರು ಎದ್ದುಹೋಗುತ್ತದೆ. ಸ್ವಲ್ಪ ಹೊತ್ತಿಗೆ ‘ಟಕ್’ ಎಂಬ ಸದ್ದಿನೊಂದಿಗೆ ಹಿಡಿತ ಬಿಟ್ಟಿತು.

ಎಡಗಡೆಯೂ ಇದೇ ಕ್ರಮ ಅನುಸರಿಸಿದಾಗ ಡ್ರಮ್ ಸುಮಾರು 4 ಮಿ.ಮೀ. ಹೊರಗೆ ಬಂದು ನಿಂತಿತು. ಇನ್ನಷ್ಟು ಬಲ ಹಾಕಿದರೆ ಬಂದೀತೆಂದು ಎರಡನೆಯ ಸಂಜೆಯನ್ನೆಲ್ಲಾ ಬೋಲ್ಟ್ ಬಿಗಿಯುವುದರಲ್ಲೇ ಕಳೆದೆ. ಇದು ತಪ್ಪು. ಬೋಲ್ಟ್ ಸಡಿಲಿಸಿ ಕೈಯಿಂದ ಎಳೆದು ಬಿಟ್ಟಾಗ ಡ್ರಮ್ ಸ್ಪ್ರಿಂಗ್‌ನಂತೆ ತಾನಾಗಿಯೇ ಒಳಕ್ಕೆ ಸರಿಯಿತು; ಹಬ್ ಆಗಲೇ ಬಿಟ್ಟಾಗಿದೆ, ಈಗ ಹಿಡಿದಿರುವುದು ಡ್ರಮ್‌ನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಬಿಲ್ಲಿನಾಕಾರದ ಬ್ರೇಕ್ ಶೂಗಳು ಎಂದು ಅರ್ಥವಾದದ್ದು ಆಗ. ಶೂ ಉಜ್ಜುವ ಭಾಗ ವರ್ಷಗಟ್ಟಲೆ ಸವೆದು ತಗ್ಗಾಗುತ್ತದೆ, ಉಜ್ಜದೆ ಉಳಿದ ಒಳ ಅಂಚು ಏಣಾಗಿ ನಿಲ್ಲುತ್ತದೆ, ಸವೆತಕ್ಕೆ ತಕ್ಕಂತೆ ಅಡ್ಜಸ್ಟರ್ ಶೂಗಳನ್ನು ಆ ತಗ್ಗಿನೊಳಕ್ಕೇ ಅಗಲಿಸುತ್ತಾ ಬರುತ್ತದೆ. ಹೀಗಿರುವಾಗ ಬಲವಂತವಾಗಿ ಎಳೆದರೆ ಶೂ ಹಿಡಿದಿರುವ ಪಿನ್‌ಗಳು ಕಿತ್ತುಬರುತ್ತವೆ, ಇಲ್ಲವೇ ಶೂಗಳು ಕೂರುವ ಹಿಂದಿನ ತಗಡು, ಅಂದರೆ ಬ್ಯಾಕ್‌ಪ್ಲೇಟ್, ಬಾಗುತ್ತದೆ.

ನಿನ್ನೆ ಬ್ಯಾಕ್‌ಪ್ಲೇಟ್‌ನ ಹಿಂದಿರುವ ರಬ್ಬರ್ ಬಿರಡೆ ತೆಗೆದು ಟಾರ್ಚ್ ಹಿಡಿದು ನೋಡಿದೆ. ಅಡ್ಜಸ್ಟರ್‌ನ ಹಲ್ಲಿನ ಚಕ್ರ ಕಂದು ತುಕ್ಕಿನಲ್ಲಿ ಮುಳುಗಿತ್ತು, ಅದರ ಹಲ್ಲಿಗೆ ಸಣ್ಣ ಪಟ್ಟಿಯೊಂದು ಒರಗಿಕೊಂಡಿತ್ತು. ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವುದೇ ಆ ಪಟ್ಟಿಯ ಕೆಲಸವಾದ್ದರಿಂದ, ತೆಳುವಾದ ಒಂದು ಸ್ಕ್ರೂಡ್ರೈವರ್‌ನಿಂದ ಅದನ್ನು ದೂರ ತಳ್ಳಿ ಹಿಡಿದುಕೊಂಡೇ ಇನ್ನೊಂದರಿಂದ ಹಲ್ಲನ್ನು ಒಂದೊಂದಾಗಿ ಹಿಂದಕ್ಕೆ ಮೀಟಬೇಕಾಯಿತು. ಮೊದಲ ಹಲ್ಲು ಜರುಗಲು ಎಣ್ಣೆ ಹಾಕಿ ಒಂದು ಗಂಟೆ ಕಾಯಬೇಕಾಯಿತು, ಉಳಿದವು ಬೇಗ ಸರಿದವು. ಇಪ್ಪತ್ತು ಹಲ್ಲು ದಾಟುವಷ್ಟರಲ್ಲಿ ಡ್ರಮ್ ಸಲೀಸಾಗಿ ತಿರುಗತೊಡಗಿತು, ಆಮೇಲೆ ಎರಡೂ ಕೈಯಲ್ಲಿ ಅಲುಗಿಸುತ್ತಾ ಎಳೆದರೆ ಸಾಕಾಯಿತು. ಒಳ ಅಂಚಿನ ಮೇಲೆ ಉಗುರು ಆಡಿಸಿದರೆ ಏಣು ಸ್ಪಷ್ಟವಾಗಿ ತಡೆಯುತ್ತದೆ.

ಒಳಗಿನ ಕಪ್ಪು ಧೂಳನ್ನು ಯಾರೂ ಗಾಳಿ ಹೊಡೆದು ಹಾರಿಸಬಾರದು. ಹಳೆಯ ಲೈನಿಂಗ್‌ಗಳಲ್ಲಿ (ಶೂಗಳ ಮೇಲಿನ ಉಜ್ಜುವ ಪದರ) ಕಲ್ನಾರು ಇರುವ ಸಾಧ್ಯತೆ ಇದೆ, ಅದು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ನಾನು ಮಾಸ್ಕ್ ಧರಿಸಿ, ಬ್ರೇಕ್ ಕ್ಲೀನರ್‌ನಿಂದ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಟ್ಟೆ.

ಬ್ರೇಕ್ ಆಯಿಲ್‌ನ ಒತ್ತಡದಿಂದ ಶೂಗಳನ್ನು ತಳ್ಳುವ ಎಡ ವೀಲ್ ಸಿಲಿಂಡರ್‌ನ ರಬ್ಬರ್ ಮುಚ್ಚಳ ಎತ್ತಿದಾಗ ಆ ಆಯಿಲ್ ಜಿನುಗಿತು, ಶೂ ಒಂದರ ಲೈನಿಂಗ್‌ಗೂ ಅದು ಇಳಿದಿದೆ. ಆಯಿಲ್ ಕುಡಿದ ಲೈನಿಂಗ್ ತೊಳೆದರೆ ಸರಿಹೋಗುವುದಿಲ್ಲ, ಆದ್ದರಿಂದ ಎರಡೂ ಕಡೆಯ ಶೂ ಮತ್ತು ಸಿಲಿಂಡರ್‌ಗಳನ್ನು ಬದಲಿಸುತ್ತೇನೆ. ಡ್ರಮ್‌ನ ಒಳವ್ಯಾಸವನ್ನು ನಾಲ್ಕು ಕಡೆ ಅಳೆದಾಗ ಅದರ ಮೇಲೇ ಅಚ್ಚಾಗಿರುವ ಗರಿಷ್ಠ ಅಳತೆಗಿಂತ ಕಡಿಮೆಯೇ ಇದೆ. ಹಾಗಾಗಿ ಏಣನ್ನು ಲೇತ್‌ನಲ್ಲಿ ತೆಗೆಸಬಹುದು. ಡ್ರಮ್ ಲೇತ್‌ನಿಂದ ಬರುವಷ್ಟರಲ್ಲಿ ಎರಡೂ ಹಬ್‌ಗಳ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ನಡುವಿನ ಉಬ್ಬಿಗೆ ಮಾತ್ರ ತಾಮ್ರದ ಗ್ರೀಸನ್ನು ತೆಳುವಾಗಿ ಸವರಿಡಬೇಕು.