ನಾ ಬರೆದ ಕೋಡ್ ಅವರ ಹೆಸರಿಗ್ಯಾಕೆ?

"ಅಕ್ಕಾ, ಪುಕ್ಕಟೆ ಬರದ ಕೊಟ್ಟೀನಿ. ಮ್ಯಾಲೆ ಕಾಪಿರೈಟೂ ಅವರ ಹೆಸರಿಗೆ ಬರಕೊಡು ಅಂತಾರ. ಸಹಿ ಮಾಡ್ಲೋ ಬ್ಯಾಡೋ?"

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗರು ಓಪನ್ ಸೋರ್ಸ್ ಪ್ರಾಜೆಕ್ಟಿಗೆ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ, ಮೊದಲ ಪ್ಯಾಚ್ (ತಿದ್ದುಪಡಿಯ ಕೋಡ್) ಕಳಿಸಿದ ಕೂಡಲೇ ನನ್ನನ್ನು ಕೇಳುವುದು ಇದನ್ನೇ. ಮೊನ್ನೆ ಚಹಾದ ಟಪರಿ ಮುಂದೆ ಧಾರವಾಡದ ಹುಡುಗನೊಬ್ಬ ಫೋನ್ ಮುಂದೆ ಹಿಡಿದ. ಈಮ್ಯಾಕ್ಸ್ ಎಂಬ ಎಡಿಟರಿನಲ್ಲಿ ಕನ್ನಡ ಟೈಪಿಂಗಿನ ಒಂದು ತಪ್ಪನ್ನು 40 ಸಾಲಿನಲ್ಲಿ ತಿದ್ದಿದ್ದ.

ಇಂಥ ಕಾಗದದಲ್ಲಿ ನಾನು ಮೊದಲು ನೋಡುವುದು, ಕೇಳಿದ್ದು ಲೈಸೆನ್ಸೋ ಅಸೈನ್‌ಮೆಂಟೋ ಎಂದು. ಹೊಲ ಇದ್ದವರ ಮನೆಯ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಲೈಸೆನ್ಸ್ ಅಂದರೆ ಹೊಲವನ್ನು ಲಾವಣಿಗೆ (ಗೇಣಿಗೆ) ಕೊಟ್ಟಂತೆ, ಉತಾರದಲ್ಲಿ ಹೆಸರು ನಿನ್ನದೇ. ಅಸೈನ್‌ಮೆಂಟ್ ಅಂದರೆ ಖರೀದಿ ಪತ್ರ. ಹಲವು ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುವ ಅಪಾಚೆ ಫೌಂಡೇಶನ್ ಕೇಳುವುದು ಲೈಸೆನ್ಸ್ ಮಾತ್ರ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ ಅದೂ ಇಲ್ಲ. ಪ್ಯಾಚಿನ ಕೆಳಗೆ 'ಸೈನ್ಡ್-ಆಫ್-ಬೈ' ಎಂದು ಹೆಸರು ಹಾಕಿ, ಇದನ್ನು ಕೊಡುವ ಹಕ್ಕು ನನಗಿದೆ ಎಂದರೆ ಮುಗಿಯಿತು.

ಈಮ್ಯಾಕ್ಸ್‌ಗೆ ಮಾತ್ರ, ಸುಮಾರು 15 ಸಾಲು ದಾಟಿದರೆ, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಖರೀದಿ ಪತ್ರವನ್ನೇ ಕೇಳುತ್ತದೆ. ಯಾರಾದರೂ ಜಿಪಿಎಲ್ ಎಂಬ ಅವರ ಮುಕ್ತ ಲೈಸೆನ್ಸಿನ ಷರತ್ತು ಮುರಿದರೆ ಕೋರ್ಟಿಗೆ ಹೋಗಲು ಒಬ್ಬನೇ ಒಡೆಯನಿದ್ದರೆ ಸಲೀಸು ಎಂಬುದು ಅವರ ವಾದ. ಆದರೆ ಅದೇ ಪತ್ರದಲ್ಲಿ ಅವರೂ ಮಾತು ಕೊಡುತ್ತಾರೆ: ಈ ಕೋಡ್ ಮುಂದೆಯೂ ಮುಕ್ತವಾಗಿರುತ್ತದೆ, ನಿನ್ನ ಕೋಡನ್ನು ನೀನು ಬೇಕಾದಂತೆ ಬಳಸಬಹುದು. ಆ ಮಾತಿಗಾಗಿಯೇ ನಾನು ಸಹಿ ಮಾಡಿದೆ, ಇವತ್ತು ಕೇಳಿದರೂ ಮಾಡುತ್ತೇನೆ. ಇದೇ ಕಡ್ಡಾಯವನ್ನು 2021ರಲ್ಲಿ ಜಿಸಿಸಿ ಎಂಬ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಪ್ರಾಜೆಕ್ಟ್ ಕೈಬಿಟ್ಟಿತು, ಅಲ್ಲಿ ಕೆಲಸವೇನೂ ನಿಲ್ಲಲಿಲ್ಲ.

ಒಂದು ಕಂಪನಿಯ ಪತ್ರದಲ್ಲಿ ಆ ಮಾತು ಇರಲಿಲ್ಲ. ಸೇರಿಸಿ ಎಂದು ಬರೆದೆ, ಆಗುವುದಿಲ್ಲ ಎಂದರು. ಮೂರು ವಾರ ಕೂತು ಬರೆದ ಪ್ಯಾಚನ್ನು ವಾಪಸ್ ತೆಗೆದುಕೊಂಡೆ. ಬಹಳ ಬೇಜಾರಾಗಿತ್ತು.

ಲಾವಣಿಯಾದರೂ ಕಣ್ಣುಮುಚ್ಚಿ ಕೊಡಬೇಡಿ. ಲಾವಣಿ ಹಿಡಿದವನು ಬೇರೆಯವರಿಗೆ ತನಗೆ ಬೇಕಾದ ಷರತ್ತಿನ ಮೇಲೆ ಕೊಡಬಹುದು ಎಂಬ ಸಾಲು ಹಲವು ಪತ್ರಗಳ ಒಳಗೆ ಇರುತ್ತದೆ. ಹ್ಯಾಶಿಕಾರ್ಪ್ ಎಂಬ ಕಂಪನಿ ಕೂಡ ಹೊರಗಿನವರಿಂದ ಬರೆಸಿಕೊಂಡದ್ದು ಲೈಸೆನ್ಸ್ ಒಪ್ಪಂದವನ್ನೇ. 2023ರಲ್ಲಿ ಟೆರಾಫಾರ್ಮ್ ಎಂಬ ತನ್ನ ತಂತ್ರಾಂಶದ ಮುಂದಿನ ಆವೃತ್ತಿಗಳನ್ನು ಅದು ಓಪನ್ ಸೋರ್ಸ್ ಅಲ್ಲದ ಲೈಸೆನ್ಸಿಗೆ ಬದಲಿಸಿತು. ಮುಕ್ತವಾಗಿದ್ದ ಹಳೆಯ ಕೋಡ್ ಹಿಡಿದು ಓಪನ್‌ಟೋಫು ಎಂಬ ಬೇರೆ ಮುಕ್ತ ಪ್ರಾಜೆಕ್ಟ್ ಹುಟ್ಟಿದ್ದು ಹಾಗೆ.

ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಸೆಕ್ಷನ್ 19ರ ಪ್ರಕಾರ ಅಸೈನ್‌ಮೆಂಟ್ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಎಲ್ಲಿಯ ಮಟ್ಟಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ. ಹಕ್ಕು ಬರೆದುಕೊಟ್ಟ ಮೇಲೂ 'ಇದನ್ನು ಬರೆದವನು ನಾನು' ಎನ್ನುವ ಅಧಿಕಾರ ಸೆಕ್ಷನ್ 57ರಲ್ಲಿ ಉಳಿಯುತ್ತದೆ.

ಹುಡುಗರು ಎಡವುವುದು ಸೆಕ್ಷನ್ 17ರಲ್ಲಿ. ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ಮೊದಲ ಒಡೆಯ ಮಾಲೀಕನೇ. ನಿನ್ನದಲ್ಲದ ಹೊಲಕ್ಕೆ ಖರೀದಿ ಪತ್ರ ಹೇಗೆ ಬರೆದುಕೊಡುತ್ತೀ?

"ಆಫರ್ ಲೆಟರ್ ತಗಿ" ಅಂದೆ. ಫೋನಿನಲ್ಲೇ ತೆರೆದ. ನೌಕರಿಯಲ್ಲಿರುವಾಗ ಮಾಡಿದ ಎಲ್ಲ ಕೆಲಸವೂ ಕಂಪನಿಯದು ಎಂಬ ಸಾಲಿನ ಮೇಲೆ ಬೆರಳಿಟ್ಟೆ.

"ಭಾನುವಾರ ಮನ್ಯಾಗ ಕೂತು ಬರದದ್ದೂ?"

"ಅದನ್ನ ಅವರಿಗೇ ಕೇಳು. ಬರಹದಾಗ ತಗೋ."

ಚಹಾ ಆರುವ ಮೊದಲೇ ಮ್ಯಾನೇಜರಿಗೆ ಮೇಲ್ ಹಾಕಿದ. ಉತ್ತರ ಇನ್ನೂ ಬಂದಿಲ್ಲ.