ಬ್ರಾಡ್‌ವೇ ಬದಿಯ ತೋಟದ ಮನೆ

ನಿನ್ನೆ ಮ್ಯಾನ್‌ಹಟನ್‌ನ ಉತ್ತರ ತುದಿಗೆ ಹೋಗಿದ್ದೆ. ಬ್ರಾಡ್‌ವೇ ಮತ್ತು 204ನೇ ಬೀದಿ ಸೇರುವಲ್ಲಿ, ಬಸ್ಸು, ಅಂಗಡಿ, ಅಪಾರ್ಟ್‌ಮೆಂಟುಗಳ ನಡುವೆ, ತುಸು ಎತ್ತರದಲ್ಲಿ ಹಳೆಯ ಮನೆಯೊಂದು ಕುಳಿತಿದೆ: ಡೈಕ್‌ಮನ್ ತೋಟದ ಮನೆ. ಬಾಗಿ ಇಳಿದ ಮಾಡು, ಮುಂದೆ ಜಗಲಿ. ಡಚ್ ಶೈಲಿಯ ಮನೆ ಎನ್ನುತ್ತಾರೆ. ವಂಶದ ಹಿರಿಯ ಯಾನ್ ಡೈಕ್‌ಮನ್ ಬಂದದ್ದು ಮಾತ್ರ ಇಂದಿನ ಜರ್ಮನಿಯ ಕಡೆಯಿಂದ!

ಇದು ಅವನು ಕಟ್ಟಿದ ಮನೆಯಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹಳೆಯ ಮನೆ, ಹಣ್ಣಿನ ತೋಟ ಎರಡೂ ಹಾಳಾದವು. ಮೊಮ್ಮಗ ವಿಲಿಯಂ ಹಿಂದಿರುಗಿ, 1784ರ ಸುಮಾರಿಗೆ ಇದನ್ನು ಕಟ್ಟಿದ. ಮುಂದೆ ಮನೆ ಕೈತಪ್ಪಿತು. 1915ರಲ್ಲಿ ವಂಶದ ಇಬ್ಬರು ಸೋದರಿಯರು ಅದನ್ನು ಕೊಂಡು, ದುರಸ್ತಿ ಮಾಡಿಸಿ, ಮರುವರ್ಷ ನಗರಕ್ಕೆ ಕೊಟ್ಟರು.

ತವರಿನ ಮೇಲಿನ ಮಮತೆ ಎಂದುಕೊಂಡು ನೆಲಮಾಳಿಗೆಯ ಅಡುಗೆಮನೆಗೆ ಇಳಿದೆ. ತಗ್ಗಿದ ಚಾವಣಿ, ದೊಡ್ಡ ಒಲೆ. ಈ ಕುಟುಂಬ ಗುಲಾಮರನ್ನು ಇಟ್ಟುಕೊಂಡಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡದ್ದು 1827ರಲ್ಲಿ. ಹತ್ತಿರದಲ್ಲೇ ಗುಲಾಮರ ಸ್ಮಶಾನವೂ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೀದಿ ಮಾಡಲು ನೆಲ ಅಗೆದಾಗ ಅಸ್ಥಿಗಳು ಸಿಕ್ಕಿದವು. ಮನೆಯನ್ನು ಉಳಿಸಿಕೊಳ್ಳಲು ವಾರಸುದಾರರು ಬಂದರು. ಆ ಗೋರಿಗಳಿಗೆ ಯಾರೂ ಬರಲಿಲ್ಲ.

ಮೇಲೆ ಬಂದು ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತೆ. ಊರಿನ ನಮ್ಮ ಹಳೆಯ ಮನೆಯ ಗದ್ದೆಯಲ್ಲಿ ದುಡಿದವರ ಹೆಸರು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಎರಡು ಹೆಸರು ಹೊಳೆದವು, ಅಷ್ಟೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಬೇಕು.